ಅಡುಗೆಮನೆಯ ಹ್ಯಾಂಡ್ ಬ್ಲೆಂಡರ್: ಆಯ್ಕೆ, ಸುರಕ್ಷಿತ ಬಳಕೆ ಹಾಗೂ ಗ್ರಾಹಕರ ಹಕ್ಕುಗಳು

ಸಾರ್ವಜನಿಕ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ನೆಲೆಸಿರುವ ಶ್ರೀ ಬನಶಂಕರಿ ದೇವಿಯ ಜಾತ್ರೆಯು ಪ್ರತಿವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು ರಥೋತ್ಸವದೊಂದಿಗೆ ಜರುಗುತ್ತದೆ. ಬನದ ಹುಣ್ಣಿಮೆ ಎಂದೇ ಹೆಸರಾದ ಈ ದಿನದಿಂದ ಸುಮಾರು ಒಂದು ತಿಂಗಳ ಕಾಲ ಜಾತ್ರೆಯ ಬಯಲಿನಲ್ಲಿ ನಾಟಕ ಕಂಪನಿಗಳು ಬೀಡುಬಿಡುತ್ತವೆ. ಬಾಗಿಲ ಚೌಕಟ್ಟು, ಬಟ್ಟೆಬರೆ, ಪಾತ್ರೆಪಗಡ ಮುಂತಾದ ಗೃಹೋಪಯೋಗಿ ವಸ್ತುಗಳ ವ್ಯಾಪಾರವೂ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇಂತಹ ಜಾತ್ರೆ ಹಾಗೂ ಸಂತೆಗಳಲ್ಲಿ ವಿದ್ಯುತ್ ಚಾಲಿತ ಅಡುಗೆ ಉಪಕರಣಗಳೂ ಮಾರಾಟಕ್ಕೆ ಬರುತ್ತಿದ್ದು, ಅವುಗಳಲ್ಲಿ ಹ್ಯಾಂಡ್ ಬ್ಲೆಂಡರ್ ಒಂದಾಗಿದೆ.

ಈ ಉಪಕರಣವು ಗಾತ್ರದಲ್ಲಿ ಚಿಕ್ಕದು. ಆದರೆ ವಿದ್ಯುತ್, ನೀರು ಮತ್ತು ಹರಿತವಾದ ಅಲಗು ಈ ಮೂರೂ ಒಂದೇ ಕೈಯಳತೆಯಲ್ಲಿ ಕೂಡಿಬರುವ ಕಾರಣ ಇದರ ಆಯ್ಕೆ ಮತ್ತು ಬಳಕೆಯಲ್ಲಿ ಎಚ್ಚರಿಕೆ ಅವಶ್ಯಕ. ಇದಲ್ಲದೆ ಜಾತ್ರೆಯ ಅಂಗಡಿಯು ಜಾತ್ರೆ ಮುಗಿದ ನಂತರ ಅಲ್ಲಿರುವುದಿಲ್ಲ. ಆದುದರಿಂದ ಉಪಕರಣ ಕೆಟ್ಟಾಗ ಅಥವಾ ಅದರಿಂದ ಅಪಾಯ ಸಂಭವಿಸಿದಾಗ ಗ್ರಾಹಕರಿಗೆ ಆಧಾರವಾಗಿ ಉಳಿಯುವುದು ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿನ ವಿವರಗಳು ಮಾತ್ರ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹ್ಯಾಂಡ್ ಬ್ಲೆಂಡರ್ ಎಂದರೇನು?

ಉದ್ದನೆಯ ಹಿಡಿಯೊಳಗೆ ಮೋಟಾರು, ಅದರ ಕೆಳಗೆ ಒಂದು ದಂಡ, ದಂಡದ ತುದಿಯಲ್ಲಿ ಗಂಟೆಯಾಕಾರದ ಕವಚ ಮತ್ತು ಅದರೊಳಗೆ ತಿರುಗುವ ಅಲಗು ಇರುವ ಉಪಕರಣವೇ ಹ್ಯಾಂಡ್ ಬ್ಲೆಂಡರ್. ಮಿಕ್ಸರಿನಲ್ಲಿ ಪದಾರ್ಥವನ್ನು ಜಾರಿಗೆ ಹಾಕಬೇಕಾದರೆ, ಇಲ್ಲಿ ಉಪಕರಣವನ್ನೇ ಪಾತ್ರೆಯೊಳಗೆ ಇಳಿಸಲಾಗುತ್ತದೆ. ಈ ದೃಷ್ಟಿಯಿಂದ ಇದು ನಮ್ಮ ಮನೆಗಳ ಕಡಗೋಲಿಗೆ ಸಮೀಪದ್ದು. ಸ್ವಿಟ್ಜರ್ಲೆಂಡಿನ ರೋಜರ್ ಪೆರಿನ್‌ಜಾಕೆ ಎಂಬವರು 1950ರಲ್ಲಿ ಇಂತಹ ಉಪಕರಣಕ್ಕೆ ಪೇಟೆಂಟ್ ಪಡೆದರು.

ಇದರ ಮೋಟಾರು ಚಿಕ್ಕದಾಗಿದ್ದು ಅತಿ ವೇಗವಾಗಿ ತಿರುಗುತ್ತದೆ. ಚಿಕ್ಕ ಹಿಡಿಯೊಳಗೆ ಗಾಳಿಯಾಡಲು ಅವಕಾಶ ಕಡಿಮೆ ಇರುವುದರಿಂದ ಅದು ಬೇಗನೆ ಬಿಸಿಯಾಗುತ್ತದೆ. ಆದ್ದರಿಂದಲೇ ಹೆಚ್ಚಿನ ಹ್ಯಾಂಡ್ ಬ್ಲೆಂಡರುಗಳನ್ನು ಸತತವಾಗಿ ನಡೆಸುವಂತಿಲ್ಲ. ಸ್ವಲ್ಪ ಹೊತ್ತು ನಡೆಸಿ, ವಿರಾಮ ಕೊಟ್ಟು, ಪುನಃ ನಡೆಸಬೇಕು. ಮುಂದೆ ಹೇಳಲಾಗುವ ಹಲವು ಸೂಚನೆಗಳಿಗೆ ಈ ಒಂದು ಅಂಶವೇ ಕಾರಣವಾಗಿದೆ.

2. ತಮ್ಮ ಮನೆಗೆ ಇದು ಅವಶ್ಯಕವೇ?

ಖರೀದಿಗೆ ಮುನ್ನ ಮನೆಯಲ್ಲಿ ಯಾವ ಕೆಲಸಕ್ಕೆ ಇದು ಬೇಕು ಎಂಬುದನ್ನು ನಿರ್ಧರಿಸುವುದು ಸೂಕ್ತ.

ಅ) ಹೊಂದುವ ಕೆಲಸಗಳು: ಮೊಸರು ಕಡೆದು ಮಜ್ಜಿಗೆ ಮಾಡುವುದು, ಬೆಂದ ತೊಗರಿಬೇಳೆಯನ್ನು ಸಾರಿಗಾಗಿ ನುಣ್ಣಗೆ ಮಾಡುವುದು, ಬೆಂದ ಟೊಮ್ಯಾಟೊ, ಕುಂಬಳ ಅಥವಾ ಸೊಪ್ಪನ್ನು ಪಾತ್ರೆಯಲ್ಲಿಯೇ ಕಲೆಸುವುದು, ಹಣ್ಣಿನ ರಸ, ಮಕ್ಕಳಿಗೆ, ಹಲ್ಲಿಲ್ಲದ ವೃದ್ಧರಿಗೆ ಮತ್ತು ನುಂಗಲು ತೊಂದರೆಯುಳ್ಳ ರೋಗಿಗಳಿಗೆ ಮೆತ್ತಗಿನ ಆಹಾರ ಸಿದ್ಧಪಡಿಸುವುದು.

ಆ) ಹೊಂದದ ಕೆಲಸಗಳು: ಶೇಂಗಾ, ಗುರೆಳ್ಳು, ಅಗಸಿ ಮುಂತಾದವುಗಳ ಒಣ ಚಟ್ನಿಪುಡಿ, ಒಣ ಮೆಣಸಿನಕಾಯಿ ಅಥವಾ ಮಸಾಲೆ ಪುಡಿ, ಇಡ್ಲಿ, ದೋಸೆಯ ಹಿಟ್ಟು ರುಬ್ಬುವುದು, ಹೋಳಿಗೆಯ ಗಟ್ಟಿ ಹೂರಣ. ಒಣ ಪದಾರ್ಥವು ಅಲಗಿನ ಸುತ್ತ ಹರಿಯುವುದಿಲ್ಲ. ಗಟ್ಟಿ ಪದಾರ್ಥವು ಅಲಗನ್ನು ಹಿಡಿದು ನಿಲ್ಲಿಸುತ್ತದೆ. ಆಗ ಮೋಟಾರು ಸುಟ್ಟುಹೋಗುವ ಸಂಭವವಿರುತ್ತದೆ. ಇವುಗಳಿಗೆ ಕುಟ್ಟುವ ಒರಳು, ರುಬ್ಬುಗುಂಡು, ಮಿಕ್ಸರ್ ಅಥವಾ ಗ್ರೈಂಡರೇ ಸರಿ.

ಇ) ಬೆಣ್ಣೆ ತೆಗೆಯಲು ಬೇಕಾದುದು ನಿಧಾನವಾಗಿ, ಹೆಚ್ಚು ಹೊತ್ತು ತಿರುಗುವ ಕಡಗೋಲು. ಹೆಚ್ಚು ಪ್ರಮಾಣದ ಮೊಸರನ್ನು ಹ್ಯಾಂಡ್ ಬ್ಲೆಂಡರಿನಿಂದ ಬಹಳ ಹೊತ್ತು ಕಡೆಯುವುದು ಸೂಕ್ತವಲ್ಲ.

ಮನೆಯಲ್ಲಿ ಸುಸ್ಥಿತಿಯ ಮಿಕ್ಸರ್ ಇದ್ದು, ಮೇಲಿನ (ಅ) ಕೆಲಸಗಳು ಅಪರೂಪಕ್ಕೆ ಮಾತ್ರ ಬರುವುದಾದರೆ ಹೊಸ ಉಪಕರಣದ ವೆಚ್ಚವನ್ನು ಉಳಿಸಬಹುದು.

3. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

3.1 ಗುಣಮಟ್ಟದ ಗುರುತು: ಉಪಕರಣದ ಮೇಲೆ ಐ.ಎಸ್.ಐ. ಗುರುತು ಇದೆಯೇ ಎಂದು ನೋಡಬೇಕು. ಗುರುತಿನ ಮೇಲ್ಭಾಗದಲ್ಲಿ ಭಾರತೀಯ ಮಾನಕದ ಸಂಖ್ಯೆಯೂ, ಕೆಳಭಾಗದಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಐ.ಎಸ್. 302 ಸರಣಿಯ ಮಾನಕಗಳಿವೆ. ಜಾರುಳ್ಳ ಮಿಕ್ಸರುಗಳಿಗೆ ಐ.ಎಸ್. 4250 ಎಂಬ ಮಾನಕವಿದೆ. ಸಂಖ್ಯೆಗಳಿಲ್ಲದ ಬರಿಯ ಗುರುತನ್ನು ನಂಬಬಾರದು. ಭಾರತೀಯ ಮಾನಕ ಬ್ಯೂರೋದ ‘ಬಿ.ಐ.ಎಸ್. ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಪರವಾನಗಿ ಸಂಖ್ಯೆಯನ್ನು ನಮೂದಿಸಿದಲ್ಲಿ ಅದು ಯಾವ ತಯಾರಕರಿಗೆ, ಯಾವ ಸರಕಿಗೆ ಸೇರಿದ್ದು ಎಂಬುದು ತಿಳಿಯುತ್ತದೆ. ಅನುಮತಿಯಿಲ್ಲದೆ ಈ ಗುರುತನ್ನು ಬಳಸುವುದು ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016ರ ಅಡಿ ದಂಡನೀಯ ಅಪರಾಧವಾಗಿರುತ್ತದೆ.

3.2 ವಿದ್ಯುತ್ ವಿವರ: ಉಪಕರಣದ ಮೇಲೆ ವೋಲ್ಟೇಜ್ ಮತ್ತು ವ್ಯಾಟ್ ನಮೂದಾಗಿರಬೇಕು. ನಮ್ಮ ಮನೆಗಳ ಸರಬರಾಜು 230 ವೋಲ್ಟ್, 50 ಹರ್ಟ್ಜ್ ಆಗಿದೆ. 110 ಅಥವಾ 120 ವೋಲ್ಟ್ ಎಂದು ಮಾತ್ರ ಬರೆದಿರುವ, ವಿದೇಶದಿಂದ ತಂದ ಉಪಕರಣವನ್ನು ನೇರವಾಗಿ ಜೋಡಿಸಬಾರದು. ಮಜ್ಜಿಗೆ ಮತ್ತು ಸಾರಿನ ಬೇಳೆಗೆ 150ರಿಂದ 250 ವ್ಯಾಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಬೆಂದ ತರಕಾರಿಯಂತಹ ಮಂದ ಪದಾರ್ಥಕ್ಕೆ ಹೆಚ್ಚಿನ ವ್ಯಾಟಿನದು ಅನುಕೂಲ. ವ್ಯಾಟ್ ಹೆಚ್ಚಾದಷ್ಟೂ ಉಪಕರಣ ಉತ್ತಮವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ.

3.3 ನಡೆಸುವ ಅವಧಿ: ಒಂದೇ ಸಲಕ್ಕೆ ಎಷ್ಟು ಹೊತ್ತು ನಡೆಸಬಹುದು ಎಂಬುದನ್ನು ಉಪಕರಣದ ಮೇಲೆ ಅಥವಾ ಕೈಪಿಡಿಯಲ್ಲಿ ನೋಡಿ ತಿಳಿದುಕೊಳ್ಳಬೇಕು.

3.4 ಪ್ಲಗ್ಗು ಮತ್ತು ತಂತಿ: ಎರಡು ಪಿನ್ನುಗಳ ಪ್ಲಗ್ಗು ಇದ್ದಲ್ಲಿ ಉಪಕರಣದ ಮೇಲೆ ಚೌಕದೊಳಗೆ ಚೌಕದ ಚಿಹ್ನೆ ಇರಬೇಕು. ಇದು ಎರಡು ಪದರದ ವಿದ್ಯುತ್ ನಿರೋಧಕ ರಕ್ಷಣೆಯನ್ನು ಸೂಚಿಸುತ್ತದೆ. ಈ ಚಿಹ್ನೆ ಇಲ್ಲದಿದ್ದಲ್ಲಿ ಅರ್ಥಿಂಗ್ ಸಹಿತವಾದ ಮೂರು ಪಿನ್ನುಗಳ ಪ್ಲಗ್ಗು ಇರತಕ್ಕದ್ದು. ತಂತಿಯು ಹಿಡಿಯನ್ನು ಸೇರುವ ಜಾಗದಲ್ಲಿ ರಬ್ಬರಿನ ಕವಚ ಗಟ್ಟಿಯಾಗಿರಬೇಕು.

3.5 ಸ್ವಿಚ್ಚು: ಬೆರಳು ತೆಗೆದ ಕೂಡಲೇ ನಿಲ್ಲುವ, ಒತ್ತಿ ಹಿಡಿಯುವ ಸ್ವಿಚ್ಚು ಸುರಕ್ಷಿತ. ಒಮ್ಮೆ ಸರಿಸಿದರೆ ಹಾಗೆಯೇ ಚಾಲೂ ಉಳಿಯುವ ಸ್ವಿಚ್ಚು ಇರುವ ಉಪಕರಣವು, ಹೋದ ಕರೆಂಟು ಮರಳಿ ಬಂದಾಗ ತಾನಾಗಿಯೇ ತಿರುಗಲಾರಂಭಿಸುತ್ತದೆ.

3.6 ದಂಡ: ಬಿಸಿ ಪದಾರ್ಥಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ದಂಡ ಉತ್ತಮ. ಪ್ಲಾಸ್ಟಿಕ್ ದಂಡವನ್ನು ಬಿಸಿಗೆ ಬಳಸಬಹುದೇ ಎಂಬುದನ್ನು ಕೈಪಿಡಿಯಿಂದ ಖಚಿತಪಡಿಸಿಕೊಳ್ಳಬೇಕು. ದಂಡವು ಹಿಡಿಯಿಂದ ಬಿಚ್ಚುವಂತಿದ್ದರೆ ತೊಳೆಯುವಾಗ ಮೋಟಾರಿಗೆ ನೀರು ತಗಲುವುದಿಲ್ಲ.

3.7 ಪೆಟ್ಟಿಗೆಯ ಮೇಲಿನ ಘೋಷಣೆಗಳು: ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಸರಕಿನ ಹೆಸರು, ಪ್ರಮಾಣ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಇರತಕ್ಕದ್ದು. ಆಮದು ಮಾಡಿದ ಸರಕಾದಲ್ಲಿ ತಯಾರಾದ ದೇಶದ ಹೆಸರೂ ಇರಬೇಕು. ಮುದ್ರಿತ ಬೆಲೆಯು ಗರಿಷ್ಠ ಬೆಲೆಯೇ ಹೊರತು ಕೊಡಲೇಬೇಕಾದ ಬೆಲೆಯಲ್ಲ. ಅದಕ್ಕಿಂತ ಕಡಿಮೆಗೆ ಕೇಳಲು ಗ್ರಾಹಕರು ಸ್ವತಂತ್ರರು. ಅದಕ್ಕಿಂತ ಹೆಚ್ಚು ಪಡೆದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.

4. ಬಿಲ್ಲು: ಏಕೆ ಕಡ್ಡಾಯವಾಗಿ ಕೇಳಬೇಕು?

ಒಂದು ಉದಾಹರಣೆಯನ್ನು ಗಮನಿಸಬಹುದು. ಬನದ ಹುಣ್ಣಿಮೆಯ ಮರುದಿನ ಇಬ್ಬರು ಗೃಹಿಣಿಯರು ಜಾತ್ರೆಯ ಬಯಲಿನಲ್ಲಿ ತಲಾ ಒಂದು ಹ್ಯಾಂಡ್ ಬ್ಲೆಂಡರ್ ಕೊಂಡರೆಂದು ಭಾವಿಸೋಣ. ಮೊದಲನೆಯವರು ಬಿಲ್ಲು ಪಡೆದು, ಗ್ಯಾರಂಟಿ ಪತ್ರದಲ್ಲಿ ಮಾರಾಟಗಾರರ ಸಹಿ ಮತ್ತು ದಿನಾಂಕ ಹಾಕಿಸಿ, ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟರು. ಎರಡನೆಯವರು ಬಿಲ್ಲು ಬೇಡವೆಂದರೆ ಬೆಲೆ ಇಳಿಸುವುದಾಗಿ ಹೇಳಿದ ಮಾತಿಗೆ ಒಪ್ಪಿ, ಪೆಟ್ಟಿಗೆಯಿಲ್ಲದ ಉಪಕರಣವನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಮೂರನೆಯ ತಿಂಗಳಿನಲ್ಲಿ ಎರಡೂ ಉಪಕರಣಗಳು ಕೆಟ್ಟವು. ಜಾತ್ರೆಯ ಅಂಗಡಿಗಳು ಅಷ್ಟರೊಳಗೆ ಬೇರೆ ಊರು ಸೇರಿರುತ್ತವೆ. ಮೊದಲನೆಯವರು ಪೆಟ್ಟಿಗೆಯ ಮೇಲಿನ ವಿಳಾಸಕ್ಕೆ ಬರೆದು ತಯಾರಕರನ್ನು ಕೇಳಬಲ್ಲರು. ಅವರು ಸ್ಪಂದಿಸದಿದ್ದಲ್ಲಿ ಆಯೋಗದ ಮುಂದೆ ಹೋಗಬಲ್ಲರು. ಎರಡನೆಯವರಿಗೆ ಕಾನೂನು ಅಷ್ಟೇ ಹಕ್ಕು ಕೊಟ್ಟಿದ್ದರೂ, ಆ ಹಕ್ಕನ್ನು ಯಾರ ವಿರುದ್ಧ ಚಲಾಯಿಸಬೇಕೆಂಬುದೇ ತಿಳಿಯದು. ಬೆಲೆಯಲ್ಲಿ ಉಳಿಸಿದ ಹಣ ಈ ಹಕ್ಕಿನ ಮೌಲ್ಯಕ್ಕೆ ಸಮನಾಗಲಾರದು.

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 (ಜಾರಿ: 20 ಜುಲೈ 2020) ಪ್ರಕಾರ ಸರಕಿಗೆ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ ಆಗಿರುತ್ತದೆ. ‘ಮಾರಿದ ಸರಕನ್ನು ಮರಳಿ ಪಡೆಯುವುದಿಲ್ಲ’ ಎಂದು ಬಿಲ್ಲಿನ ಮೇಲೆ ಮುದ್ರಿಸಿದ ಮಾತ್ರಕ್ಕೆ ದೋಷಯುಕ್ತ ಸರಕಿನ ಹೊಣೆ ತಪ್ಪುವುದಿಲ್ಲ. ಮೊಬೈಲ್ ಮೂಲಕ ಹಣ ಸಂದಾಯ ಮಾಡಿದ ದಾಖಲೆಯು ಪಾವತಿಗೆ ಪುರಾವೆಯಾಗಿ ನೆರವಾಗಬಹುದು. ಆದರೆ ಯಾವ ಸರಕನ್ನು ಕೊಳ್ಳಲಾಯಿತು ಎಂಬುದು ಅದರಲ್ಲಿ ಇರುವುದಿಲ್ಲವಾದ್ದರಿಂದ ಅದು ಬಿಲ್ಲಿಗೆ ಬದಲಿಯಲ್ಲ.

5. ಸುರಕ್ಷಿತವಾಗಿ ಬಳಸುವ ಕ್ರಮ

(1) ಪ್ಲಗ್ಗು ಜೋಡಿಸುವ ಮುನ್ನ ದಂಡವು ಹಿಡಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಕೈಗಳು ಒಣಗಿರಬೇಕು.

(2) ಬೇಳೆ ಅಥವಾ ತರಕಾರಿ ಬೆಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿ ನಿಂತು ಆರುವವರೆಗೆ ಕಾಯಬೇಕು. ಉರಿಯುವ ಒಲೆಯ ಮೇಲೆ ಬಳಸಿದಲ್ಲಿ ತಂತಿಗೆ ಬೆಂಕಿ ತಗಲುವ, ಸಾರು ಸಿಡಿದು ಮೈ ಸುಡುವ ಅಪಾಯವಿದೆ. ಕುಕ್ಕರಿನಲ್ಲಿ ಬೇಯಿಸಿದ್ದರೆ ಆವಿ ಪೂರ್ತಿ ಇಳಿದ ನಂತರವೇ ಮುಚ್ಚಳ ತೆಗೆಯಬೇಕು.

(3) ಆಳವಾದ ಪಾತ್ರೆಯನ್ನು ಬಳಸಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯದು. ಪಾತ್ರೆಯನ್ನು ಸಮತಟ್ಟಾದ ಕಟ್ಟೆಯ ಮೇಲಿಟ್ಟು ಒಂದು ಕೈಯಿಂದ ಹಿಡಿದುಕೊಳ್ಳಬೇಕು.

(4) ಅಲಗಿನ ಕವಚ ಪೂರ್ತಿ ಮುಳುಗಿದ ನಂತರವೇ ಸ್ವಿಚ್ಚು ಒತ್ತಬೇಕು. ಸ್ವಿಚ್ಚು ಬಿಟ್ಟು, ಅಲಗು ನಿಂತ ನಂತರವೇ ಮೇಲೆತ್ತಬೇಕು. ಈ ಕ್ರಮ ತಪ್ಪಿದರೆ ಪದಾರ್ಥವು ಸುತ್ತಲೂ ಸಿಡಿಯುತ್ತದೆ.

(5) ದಂಡವನ್ನು ಸ್ವಲ್ಪ ಓರೆಯಾಗಿ ಹಿಡಿದು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ತಳಕ್ಕೆ ಒತ್ತಿ ಹಿಡಿದಲ್ಲಿ ಹೀರುವಿಕೆಯಿಂದ ಕವಚವು ತಳಕ್ಕೆ ಅಂಟಿಕೊಳ್ಳುತ್ತದೆ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಲೋಹದ ಕವಚವು ಲೇಪನವನ್ನು ಕೆರೆಯುವುದರಿಂದ ಅದರಲ್ಲಿ ಬಳಸಬಾರದು.

(6) ಕೈಪಿಡಿಯಲ್ಲಿ ಹೇಳಿದ ಅವಧಿಯನ್ನು ಮೀರಬಾರದು. ಹಿಡಿ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಬೇಕು. ವೋಲ್ಟೇಜ್ ಕಡಿಮೆಯಿದ್ದು ಅಲಗು ನಿಧಾನವಾಗಿ ತಿರುಗುತ್ತಿದ್ದಲ್ಲಿ ಮಂದ ಪದಾರ್ಥಕ್ಕೆ ಬಳಸದಿರುವುದು ಲೇಸು.

(7) ಅತಿ ಮುಖ್ಯ: ಅಲಗಿನಲ್ಲಿ ನಾರು ಅಥವಾ ಚೂರು ಸಿಲುಕಿದಾಗ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು, ನಂತರ ಚಮಚದಿಂದಲೋ ಕಡ್ಡಿಯಿಂದಲೋ ತೆಗೆಯಬೇಕು, ಬೆರಳು ಹಾಕಬಾರದು. ಸ್ವಿಚ್ಚು ಬಿಟ್ಟಿದ್ದರೆ ಸಾಕೆಂದು ಭಾವಿಸಬಾರದು. ಹಿಡಿದ ಕೈಯೇ ಅರಿವಿಲ್ಲದೆ ಸ್ವಿಚ್ಚನ್ನು ಒತ್ತಿಬಿಡಬಹುದು.

(8) ಕರೆಂಟು ಹೋದ ಕೂಡಲೇ ಪ್ಲಗ್ಗು ಕೀಳಬೇಕು. ಪ್ಲಗ್ಗಿನಲ್ಲಿ ಜೋಡಿಸಿದ ಉಪಕರಣವನ್ನು ಮಕ್ಕಳ ಕೈಗೆಟಕುವಂತೆ ಬಿಟ್ಟು ಹೋಗಬಾರದು.

6. ಸ್ವಚ್ಛಗೊಳಿಸುವಿಕೆ ಮತ್ತು ಪಾಲನೆ

ಬಳಸಿದ ಕೂಡಲೇ ಪಾತ್ರೆಯಲ್ಲಿ ಸ್ವಚ್ಛ ನೀರು ಹಾಗೂ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ದಂಡವನ್ನು ಮುಳುಗಿಸಿ ಕೆಲವು ಸೆಕೆಂಡು ನಡೆಸಿದಲ್ಲಿ ಅಲಗಿನ ಅಂಟು ಬಿಡುತ್ತದೆ. ನಂತರ ಪ್ಲಗ್ಗು ಕಿತ್ತು, ದಂಡವನ್ನು ಬಿಚ್ಚಿ ತೊಳೆದು ಒಣಗಿಸಬೇಕು. ಮೋಟಾರು ಇರುವ ಹಿಡಿಯನ್ನು ಯಾವ ಕಾರಣಕ್ಕೂ ನೀರಿನಲ್ಲಿ ಮುಳುಗಿಸಬಾರದು, ನಲ್ಲಿಯ ಕೆಳಗೆ ಹಿಡಿಯಬಾರದು. ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ತಂತಿಯನ್ನು ಹಿಡಿಗೆ ಬಿಗಿಯಾಗಿ ಸುತ್ತಿದಲ್ಲಿ ಅದು ಒಳಗೇ ತುಂಡಾಗುವ ಸಂಭವವಿದೆ. ತುಂಡಾದ ತಂತಿಗೆ ಟೇಪು ಸುತ್ತಿ ಬಳಸದೆ, ಹೊಸ ತಂತಿ ಹಾಕಿಸಬೇಕು.

ದುರಸ್ತಿಯಾಗದ ಉಪಕರಣವನ್ನು ತಿಪ್ಪೆಗೆ ಎಸೆಯಬಾರದು, ಸುಡಬಾರದು. ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ದಿನಾಂಕ 1 ಏಪ್ರಿಲ್ 2023ರಿಂದ ಜಾರಿಯಲ್ಲಿದ್ದು, ಇಂತಹ ಉಪಕರಣಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ನೀಡಬೇಕಾಗಿರುತ್ತದೆ.

7. ವಿದ್ಯುತ್ ವೆಚ್ಚ

250 ವ್ಯಾಟಿನ ಉಪಕರಣವನ್ನು ದಿನಕ್ಕೆ ಒಟ್ಟು 5 ನಿಮಿಷದಂತೆ 30 ದಿನ ಬಳಸಿದಲ್ಲಿ ಒಟ್ಟು ಎರಡೂವರೆ ಗಂಟೆಯಾಗುತ್ತದೆ. ಇದಕ್ಕೆ ಬೇಕಾಗುವ ವಿದ್ಯುತ್ 0.625 ಯೂನಿಟ್, ಅಂದರೆ ತಿಂಗಳಿಗೆ ಒಂದು ಯೂನಿಟ್ಟಿಗಿಂತ ಕಡಿಮೆ. ಆದ್ದರಿಂದ ಆಯ್ಕೆಯಲ್ಲಿ ವಿದ್ಯುತ್ ಉಳಿತಾಯಕ್ಕಿಂತ ಸುರಕ್ಷತೆ ಮತ್ತು ಬಾಳಿಕೆಗೆ ಪ್ರಾಶಸ್ತ್ಯ ನೀಡುವುದು ಯುಕ್ತ.

8. ಅವಘಡ ಸಂಭವಿಸಿದಲ್ಲಿ

ವಿದ್ಯುತ್ ಆಘಾತ: ಮೊದಲು ಮೇನ್ ಸ್ವಿಚ್ಚನ್ನು ಬಂದ್ ಮಾಡಬೇಕು. ಸರಬರಾಜು ನಿಲ್ಲುವವರೆಗೆ ವ್ಯಕ್ತಿಯನ್ನು ಬರಿಗೈಯಿಂದ ಮುಟ್ಟಬಾರದು. ಅನಿವಾರ್ಯವಾದಲ್ಲಿ ಒಣ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ತಡಮಾಡದೆ 108 ಆಂಬ್ಯುಲೆನ್ಸಿಗೆ ಕರೆ ಮಾಡಬೇಕು. ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅಳವಡಿಸಿ, ಅರ್ಥಿಂಗ್ ಸುಸ್ಥಿತಿಯಲ್ಲಿ ಇರಿಸಿಕೊಂಡಲ್ಲಿ ಇಂತಹ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಕಂಬ ಅಥವಾ ಸರಬರಾಜು ಮಾರ್ಗದಲ್ಲಿ ದೋಷವಿದ್ದಲ್ಲಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) 1912 ಸಂಖ್ಯೆಗೆ ತಿಳಿಸಬೇಕು.

ಅಲಗಿನ ಗಾಯ: ಸ್ವಚ್ಛ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ, ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಕಾಫಿ ಪುಡಿ ಮುಂತಾದವನ್ನು ಗಾಯಕ್ಕೆ ತುಂಬಬಾರದು.

9. ದೂರು ಸಲ್ಲಿಸುವ ವಿಧಾನ

ಹಂತ 1: ದೋಷವನ್ನು ವಿವರಿಸಿ, ಬಿಲ್ಲಿನ ನಕಲು ಲಗತ್ತಿಸಿ, ಮಾರಾಟಗಾರರಿಗೆ ಮತ್ತು ಪೆಟ್ಟಿಗೆಯ ಮೇಲಿನ ವಿಳಾಸದ ತಯಾರಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮೂಲ ಬಿಲ್ಲನ್ನು ಯಾರಿಗೂ ಒಪ್ಪಿಸದೆ ತಮ್ಮಲ್ಲಿಯೇ ಇರಿಸಿಕೊಳ್ಳಬೇಕು.

ಹಂತ 2: ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಹಂತ 3: ಆಗಲೂ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಬಾದಾಮಿ ತಾಲ್ಲೂಕಿನವರಿಗೆ ಬಾಗಲಕೋಟೆಯ ಆಯೋಗ ಅನ್ವಯಿಸುತ್ತದೆ. ಮಾರಾಟಗಾರರು ಬೇರೆ ಜಿಲ್ಲೆಯವರಾದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು 2019ರ ಅಧಿನಿಯಮ ಅವಕಾಶ ಕಲ್ಪಿಸಿದೆ. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ‘ಇ-ಜಾಗೃತಿ’ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿದೆ.

ದೂರಿನಲ್ಲಿ ಇರಬೇಕಾದ ವಿವರಗಳು: ದೂರುದಾರರ ಹೆಸರು ಮತ್ತು ವಿಳಾಸ, ಎದುರುದಾರರ ಹೆಸರು ಮತ್ತು ವಿಳಾಸ, ಖರೀದಿಯ ದಿನಾಂಕ ಮತ್ತು ಬೆಲೆ, ದೋಷದ ವಿವರ, ಕೋರುವ ಪರಿಹಾರ, ಬಿಲ್ಲು, ಗ್ಯಾರಂಟಿ ಪತ್ರ ಹಾಗೂ ಪತ್ರವ್ಯವಹಾರದ ನಕಲುಗಳು. ಉಪಕರಣದ ದೋಷದಿಂದ ಗಾಯವಾಗಿದ್ದಲ್ಲಿ ವೈದ್ಯಕೀಯ ದಾಖಲೆಗಳನ್ನೂ ಲಗತ್ತಿಸಿ, ಉತ್ಪನ್ನ ಹೊಣೆಗಾರಿಕೆಯ ಅಡಿಯಲ್ಲಿ ನಷ್ಟಪರಿಹಾರ ಕೋರಬಹುದು. ಅಂತಹ ಸಂದರ್ಭದಲ್ಲಿ ಕೆಟ್ಟ ಉಪಕರಣವನ್ನು ದುರಸ್ತಿ ಮಾಡಿಸದೆ, ಇದ್ದ ಸ್ಥಿತಿಯಲ್ಲಿಯೇ ಕಾಯ್ದಿರಿಸಬೇಕು. ಅದೇ ಮುಖ್ಯ ಸಾಕ್ಷ್ಯವಾಗಿರುತ್ತದೆ.

10. ಸಾಮಾನ್ಯವಾಗಿ ಉದ್ಭವಿಸುವ ಪ್ರಶ್ನೆಗಳು

ಪ್ರಶ್ನೆ: ದೇವಸ್ಥಾನದ ಬಳಿ ರೊಟ್ಟಿ, ಪಲ್ಯ, ಮೊಸರು ಮಾರಿ ಜೀವನ ನಡೆಸುವವರು ಕೊಂಡ ಉಪಕರಣ ಕೆಟ್ಟರೆ ಅವರನ್ನು ಗ್ರಾಹಕರೆಂದು ಪರಿಗಣಿಸಲಾಗುವುದೇ?
ಉತ್ತರ: ಹೌದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರವೇ ಬಳಸುವ ಸರಕನ್ನು ವಾಣಿಜ್ಯ ಉದ್ದೇಶದ್ದೆಂದು ಅಧಿನಿಯಮವು ಪರಿಗಣಿಸುವುದಿಲ್ಲ. ಆದರೆ ಗೃಹಬಳಕೆಯ ಉಪಕರಣವನ್ನು ವ್ಯಾಪಾರಕ್ಕೆ ಬಳಸಿದಲ್ಲಿ ಗ್ಯಾರಂಟಿ ಅನ್ವಯಿಸದೆಂಬ ಷರತ್ತು ಗ್ಯಾರಂಟಿ ಪತ್ರದಲ್ಲಿ ಇರಬಹುದು. ಖರೀದಿಗೆ ಮುನ್ನ ಅದನ್ನು ಓದಿಕೊಳ್ಳಬೇಕು.

ಪ್ರಶ್ನೆ: ಆನ್‌ಲೈನ್ ಮೂಲಕ ತರಿಸಿದ ಉಪಕರಣಕ್ಕೂ ಈ ಹಕ್ಕುಗಳು ಅನ್ವಯಿಸುತ್ತವೆಯೇ?
ಉತ್ತರ: ಅನ್ವಯಿಸುತ್ತವೆ. ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪ್ರಶ್ನೆ: ಮಾರಾಟಗಾರರು ಬಿಲ್ಲು ಕೊಡಲು ಒಪ್ಪದಿದ್ದರೆ?
ಉತ್ತರ: ಖರೀದಿಯನ್ನು ಕೈಬಿಡುವುದೇ ಉತ್ತಮ. ಬಾದಾಮಿ, ಬಾಗಲಕೋಟೆ ಮುಂತಾದ ಪಟ್ಟಣಗಳ ಕಾಯಂ ಅಂಗಡಿಗಳಲ್ಲಿ ಬಿಲ್ಲಿನೊಂದಿಗೆ ಕೊಳ್ಳಬಹುದು.

ಮುಕ್ತಾಯ

ಉಪಕರಣವನ್ನು ಮುಟ್ಟುವ ಮುನ್ನ ಪ್ಲಗ್ಗು ಕೀಳುವುದು, ಹಣ ಕೊಡುವ ಮುನ್ನ ಬಿಲ್ಲು ಕೇಳುವುದು ಇವೆರಡನ್ನು ಸಾರ್ವಜನಿಕರು ರೂಢಿಸಿಕೊಳ್ಳಬೇಕಾಗಿ ಕೋರಲಾಗಿದೆ. ಮೊದಲನೆಯದು ಕೈಬೆರಳನ್ನೂ ಎರಡನೆಯದು ಹಕ್ಕನ್ನೂ ಕಾಪಾಡುತ್ತದೆ. ಜಾತ್ರೆಗೆ ಹೋಗುವ ನೆರೆಹೊರೆಯವರಿಗೆ ಮತ್ತು ಮನೆಯ ಹಿರಿಯರಿಗೆ ಈ ಮಾಹಿತಿಯನ್ನು ಓದಿ ಹೇಳಲು ವಿನಂತಿಸಿದೆ.